ಕಿಟಕಿಗಿಂತ ಮೊದಲು ಬ್ರಷ್ ತೊಳೆಯಿರಿ

ವಿಜಯಪುರದಲ್ಲಿ ಮಾರ್ಚ್ ಕಳೆಯಿತೆಂದರೆ ಕಿಟಕಿ ಗಾಜಿನ ಮೇಲೆ ಬೆರಳಲ್ಲೇ ಹೆಸರು ಬರೆಯಬಹುದು, ಅಷ್ಟು ಧೂಳು. ಯುಗಾದಿಗೆ ಮನೆ ತೊಳೆದು ನಾಲ್ಕು ದಿನ ಆಗಿರುವುದಿಲ್ಲ, ಎರೆಹೊಲದ ಮಣ್ಣು ಗಾಳಿಗೆದ್ದು ಮತ್ತೆ ಬಂದು ಕೂತಿರುತ್ತದೆ. ಗಾಜು ಉಜ್ಜುತ್ತೇವೆ, ಸರಳು ಒರೆಸುತ್ತೇವೆ. ಬ್ರಷ್ ಮಾತ್ರ ಹಾಗೇ ಬಚ್ಚಲ ಮೂಲೆ ಸೇರುತ್ತದೆ.

ನಾನೂ ಹಾಗೇ ಮಾಡುತ್ತಿದ್ದೆ. ಒಂದು ಸಂಜೆ ಪಡುವಣ ಕಿಟಕಿಗೆ ಓರೆ ಬಿಸಿಲು ಬಿದ್ದಾಗ ಗಾಜಿನ ತುಂಬ ಕೂದಲೆಳೆಯಂಥ ಗೀರುಗಳು ಕಂಡವು. ಎಲ್ಲವೂ ಅರ್ಧಚಂದ್ರದ ಆಕಾರ, ನನ್ನ ಕೈ ತಿರುಗಿದ ಹಾದಿಯಲ್ಲೇ. ಬ್ರಷ್‌ನ ಎಳೆ ಬಿಡಿಸಿ ನೋಡಿದರೆ ಬುಡದಲ್ಲಿ ಮಣ್ಣು ಗಟ್ಟಿಯಾಗಿ ಕೂತಿತ್ತು. ಉಗುರಿನಿಂದ ಕೆದರಿದಾಗ ಮರಳಿನ ಹರಳು ಬೆರಳಿಗೆ ಹತ್ತಿದವು. ಬೀದಿ ಧೂಳಿನಲ್ಲಿ ಬೆಣಚುಕಲ್ಲಿನ ಕಣಗಳಿರುತ್ತವೆ. ಗಡಸುತನದ ಮೋಸ್ ಅಳತೆಯಲ್ಲಿ ಬೆಣಚು 7, ಕಿಟಕಿ ಗಾಜು 5.5ರ ಆಸುಪಾಸು. ಗೀರು ಬೀಳದೆ ಇನ್ನೇನಾದೀತು? ಪಕ್ಕದ ಮನೆಯ ಆಯಿ ಗಾಜು ನೋಡಿ ಅಂದರು, "ಕಿಡಕಿ ಆಮ್ಯಾಲ ತಂಗಿ, ಮೊದ್ಲ ಆ ಬ್ರಷ್ ತೊಳಿ."

ಒಣಗಿದ್ದಾಗಲೇ ಕೊಡವಿ

ನಮ್ಮ ಭಾಗದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಕೆಲಸ ಇದು. ಎರೆಮಣ್ಣು ನೀರು ಕುಡಿದು ಹಿಗ್ಗುತ್ತದೆ, ಅಂಟಾಗುತ್ತದೆ. ಮಳೆಯಲ್ಲಿ ಹೊಲಕ್ಕೆ ಹೋದಾಗ ಚಪ್ಪಲಿಗೆ ಹತ್ತುವ ಹಾಗೆಯೇ ಎಳೆಗಳ ಬುಡಕ್ಕೂ ಹತ್ತುತ್ತದೆ, ಒಣಗಿದ ಮೇಲೆ ಕಲ್ಲಾಗುತ್ತದೆ. ಅದಕ್ಕೇ ಧೂಳು ತುಂಬಿದ ಬ್ರಷ್‌ ಅನ್ನು ನೇರ ಬಕೆಟ್‌ಗೆ ಅದ್ದಬೇಡಿ. ಎಳೆಗಳನ್ನು ಕೆಳಮುಖ ಮಾಡಿ ಮೆಟ್ಟಿಲ ಅಂಚಿಗೆ ಹತ್ತಾರು ಸಲ ಬಡಿಯಿರಿ. ಆಮೇಲೆ ಹಳೆಯ ಹಣಿಗೆಯಿಂದ ಬುಡದಿಂದ ತುದಿಗೆ ಬಾಚಿ. ಕೂದಲು, ಜೇಡರ ಬಲೆ, ಸತ್ತ ಸೊಳ್ಳೆ ಎಲ್ಲ ಹಣಿಗೆಗೆ ಬರುತ್ತವೆ. ಕಿಟಕಿಗೂ ಇದೇ ಕ್ರಮ: ಮೊದಲು ಒಣ ಬಟ್ಟೆಯಿಂದ ಧೂಳು ಜಾಡಿಸಿ, ನಂತರ ನೀರು.

ಎರಡು ಬಕೆಟ್ ನೀರು

ಒಂದರಲ್ಲಿ ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಚಮಚ, ಇನ್ನೊಂದರಲ್ಲಿ ಬರಿ ನೀರು. ಎಳೆಗಳನ್ನು ಹತ್ತು ನಿಮಿಷ ನೆನೆಸಿ, ಬೆರಳಾಡಿಸಿ ಬುಡ ಬಿಡಿಸಿ, ಬರಿ ನೀರಿನಲ್ಲಿ ಜಾಲಿಸಿ. ಮರದ ಹಿಡಿಕೆ ನೀರಿಗೆ ತಾಗದಿರಲಿ. ಸಾಬೂನಿನ ತುಂಡು ಬೇಡ. ಬೋರ್ ನೀರಿನಲ್ಲಿ ಅದು ನೊರೆ ಬಿಡುವುದಕ್ಕಿಂತ ಹೆಚ್ಚಾಗಿ ಬಿಳಿ ಗಸಿಯಾಗಿ ಎಳೆಗಳಿಗೇ ಮೆತ್ತುತ್ತದೆ. ಕೆಸರು ನೀರನ್ನು ಅಡುಗೆಮನೆ ಸಿಂಕ್‌ಗೆ ಸುರಿದರೆ ಪೈಪ್ ಕಟ್ಟೀತು, ಹೊರಗೆ ಚೆಲ್ಲಿ.

ಅಡುಗೆಮನೆ ಕಿಟಕಿಯ ಬ್ರಷ್‌ಗೆ ಒಗ್ಗರಣೆಯ ಜಿಡ್ಡು ಹತ್ತಿರುತ್ತದೆ. ಅದನ್ನು ಬೇರೆ ಇಡಿ, ಹಿಡಿಕೆಗೆ ಕೆಂಪು ದಾರ ಕಟ್ಟಿ. ಸೊಳ್ಳೆ ಜಾಳಿಗೆಯ ಬ್ರಷ್ಷೂ ಗಾಜಿಗೆ ಬರಕೂಡದು.

ಬಿಳಿ ಪದರಕ್ಕೆ ನಿಂಬೆಹಣ್ಣು

ಸವಳು ನೀರಿನಲ್ಲಿ ತಿಂಗಳುಗಟ್ಟಲೆ ತೊಳೆದ ಬ್ರಷ್ ಕಡ್ಡಿಯ ಹಾಗೆ ಸೆಟೆಯುತ್ತದೆ. ನೀರಿನಲ್ಲಿರುವ ಸುಣ್ಣದ ಅಂಶ ಎಳೆಗಳ ಮೇಲೆ ಕೂತು ಹೀಗಾಗುತ್ತದೆ. ಹುಳಿಗೆ ಅದು ಕರಗುತ್ತದೆ. ಇಂಡಿ ತಾಲ್ಲೂಕಿನ ನಿಂಬೆ ಮನೆಬಾಗಿಲಿಗೇ ಬರುವ ಊರಲ್ಲಿ ಬೇರೆ ಔಷಧಿ ಯಾಕೆ? ಒಂದು ಲೋಟ ನೀರಿಗೆ ಎರಡು ಹಣ್ಣು ಹಿಂಡಿ, ಎಳೆಗಳ ತುದಿ ಮುಳುಗುವಂತೆ ಅರ್ಧ ಗಂಟೆ ನಿಲ್ಲಿಸಿ, ತೊಳೆಯಿರಿ. ವಿನೆಗರ್ ಇದ್ದರೆ ಅಷ್ಟೇ ನೀರು ಬೆರೆಸಿ ಬಳಸಬಹುದು. ಶೌಚಾಲಯ ತೊಳೆಯುವ ಆ್ಯಸಿಡ್ ಮಾತ್ರ ಬೇಡವೇ ಬೇಡ, ನೈಲಾನ್ ಎಳೆಯನ್ನೇ ಅದು ತಿನ್ನುತ್ತದೆ. ನಿಂಬೆ, ವಿನೆಗರ್ ಹಾಕಿದ ನೀರಿಗೆ ಬ್ಲೀಚಿಂಗ್ ಪುಡಿ ಎಂದಿಗೂ ಸೇರಿಸಬೇಡಿ. ಏಳುವ ಕ್ಲೋರಿನ್ ಅನಿಲ ಶ್ವಾಸಕೋಶಕ್ಕೆ ಅಪಾಯ.

ರಬ್ಬರ್ ವೈಪರ್

ಗಾಜಿನ ಮೇಲೆ ನೀರಿನ ಗೆರೆ ಉಳಿದರೆ ವೈಪರ್‌ನ ಅಂಚಿನ ಮೇಲೆ ಬೆರಳಾಡಿಸಿ. ಕಚ್ಚು ತಾಗಿದಲ್ಲೇ ಗೆರೆ ಬೀಳುವುದು. ಬಿಚ್ಚುವಂಥ ಪಟ್ಟಿಯಾದರೆ ತಿರುಗಿಸಿ ಹಾಕಿ, ಇನ್ನೊಂದು ಅಂಚು ಹೊಸದೇ ಇರುತ್ತದೆ. ಪ್ರತಿ ಸಲ ಒದ್ದೆ ಬಟ್ಟೆಯಿಂದ ಒರೆಸಿಟ್ಟರೆ ಸಾಕು. ಸೀಮೆಎಣ್ಣೆ ಸವರಬೇಡಿ, ರಬ್ಬರ್ ಉಬ್ಬಿ ಸಡಿಲಾಗುತ್ತದೆ.

ಒಣಗಿಸುವಾಗ

ಅಂಗಳದ ಬಿಸಿಲಲ್ಲಿ ಇಟ್ಟರೆ ಬೇಗ ಒಣಗುತ್ತದೆ ನಿಜ, ಆದರೆ ನಮ್ಮೂರ ಏಪ್ರಿಲ್ ಬಿಸಿಲಿಗೆ ನೈಲಾನ್ ಪೆಡಸಾಗುತ್ತದೆ, ರಬ್ಬರ್ ಸೀಳುತ್ತದೆ. ನೀರು ಝಾಡಿಸಿ, ನೆರಳಲ್ಲಿ, ಗಾಳಿ ಆಡುವಲ್ಲಿ, ಎಳೆ ಕೆಳಗಾಗಿ ಮೊಳೆಗೆ ತೂಗುಹಾಕಿ. ಎಳೆ ಮೇಲಾದರೆ ನೀರು ಬುಡಕ್ಕಿಳಿದು ಮರ ಕೊಳೆಯುತ್ತದೆ, ಅಂಟು ಬಿಡುತ್ತದೆ. ಎಳೆ ನೆಲಕ್ಕೊತ್ತಿ ನಿಲ್ಲಿಸಿದರೆ ಅದೇ ಬಾಗಿಗೆ ಒಗ್ಗಿಹೋಗುತ್ತದೆ.

ಈಗಾಗಲೇ ಬಾಗಿದ್ದರೆ ಬಿಸಾಡುವ ಮುನ್ನ ಒಮ್ಮೆ ನೋಡಿ: ಕುದಿಯದ, ಕೈಗೆ ಸುಡುವಷ್ಟು ಬಿಸಿನೀರಿನಲ್ಲಿ ನೈಲಾನ್ ಎಳೆಗಳನ್ನು ಅರ್ಧ ನಿಮಿಷ ಅದ್ದಿ, ಹಣಿಗೆಯಿಂದ ನೇರ ಬಾಚಿ, ತಕ್ಷಣ ತಣ್ಣೀರಿಗಿಡಿ. ಬಹಳಷ್ಟು ನೆಟ್ಟಗಾಗುತ್ತವೆ. ತುದಿ ಕವಲೊಡೆದಿದ್ದರೆ ಅದು ಗಾಜಿಗೆ ಬೇಡ. ಎಳೆಗಳನ್ನು ಕತ್ತರಿಯಿಂದ ಎರಡು ಬೆರಳಷ್ಟು ಗಿಡ್ಡ ಮಾಡಿ, ಸರಿಯುವ ಕಿಟಕಿಯ ಅಲ್ಯೂಮಿನಿಯಂ ಹಳಿಯ ಸಂದಿಯಲ್ಲಿ ಕೂತ ಮಣ್ಣು ತೆಗೆಯಲು ಇಟ್ಟುಕೊಳ್ಳಿ. ಗಿಡ್ಡ ಎಳೆ ಸಂದಿಯ ತಳದವರೆಗೂ ಬಾಗದೆ ಇಳಿಯುತ್ತದೆ.