ಕಚೇರಿ ಇಮೇಲ್ ಉಳಿಸುವುದು ಹೇಗೆ? ಪ್ರಿಂಟ್ ತೆಗೆದರೆ ಸಾಲದು

ಸರ್ಕಾರಿ ಕೆಲಸಕ್ಕೆ ಬಂದ ಇಮೇಲ್ ಅಧಿಕಾರಿಯ ಸ್ವಂತದ್ದಲ್ಲ, ಅದೂ ಕಡತವೇ. ವರ್ಗಾವಣೆಯ ಹಿಂದಿನ ದಿನ ಇನ್‌ಬಾಕ್ಸ್ ಖಾಲಿ ಮಾಡಿ ಹೋದವರನ್ನು ನೋಡಿದ್ದೇನೆ. ಆಮೇಲೆ ಅನುಮತಿ ಕೊಟ್ಟವರು ಯಾರು ಅಂತ ಹುಡುಕಿದರೆ ಒಂದು ಸಾಲೂ ಸಿಗಲಿಲ್ಲ.

ಮೊದಲು ವಿಂಗಡಿಸಿ. ತೀರ್ಮಾನ, ಅನುಮತಿ, ಹಣ, ದೂರು ಇದ್ದರೆ ದಾಖಲೆ. 'ಊಟಕ್ಕೆ ಬರ್ತೀರಾ' ಅನ್ನೋದು ಅಲ್ಲ. ಅನುಮಾನವಿದ್ದರೆ ಇಟ್ಟುಕೊಳ್ಳಿ.

ಮುಂದಿನದು ಉಳಿಸುವ ಕೆಲಸ. ಜಾಸ್ತಿ ಜನ ಎಡವುವುದು ಇಲ್ಲೇ. ಪ್ರಿಂಟ್ ತೆಗೆದು ಫೈಲಿಗೆ ಸೇರಿಸಿ ಕೆಲಸ ಮುಗಿಯಿತು ಅಂದುಕೊಳ್ಳುತ್ತಾರೆ. ಆ ಹಾಳೆಯಲ್ಲಿ ಕಳಿಸಿದವರ ಹೆಸರಿನ ಜಾಗದಲ್ಲಿ 'ನಿರ್ದೇಶಕರು' ಅಂತಷ್ಟೇ ಇರಬಹುದು. ಯಾವ ಸರ್ವರ್‌ಗಳನ್ನು ದಾಟಿ, ಎಷ್ಟು ಹೊತ್ತಿಗೆ ಬಂತು ಅನ್ನೋದು ಇಮೇಲಿನೊಳಗೆ ಅಡಗಿರುವ ವಿವರಗಳ ಭಾಗವಾದ ಹೆಡರ್‌ನಲ್ಲಿರುತ್ತದೆ, ಅದು ಕಾಗದಕ್ಕೆ ಬರುವುದಿಲ್ಲ. ಶ್ವೇತಭವನದ ಇಮೇಲ್‌ಗಳ ಮೊಕದ್ದಮೆಯಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ 1993ರಲ್ಲೇ ಇದನ್ನು ಗಮನಿಸಿ, ಪ್ರಿಂಟ್ ಸಾಲದು ಎಂದಿತ್ತು.

ಹಾಗಾಗಿ ಇಮೇಲನ್ನು ಇಎಂಎಲ್ (.eml, ಇಮೇಲ್ ಇದ್ದ ಹಾಗೇ ಉಳಿಯುವ ರೂಪ) ಫೈಲಾಗಿಯೇ ಡೌನ್‌ಲೋಡ್ ಮಾಡಿ. ಹೆಡರ್, ಲಗತ್ತು ಎಲ್ಲವೂ ಒಟ್ಟಿಗೇ ಬರುತ್ತವೆ. ಸುಮ್ನೆ ಇನ್ನೊಂದು ಖಾತೆಗೆ ಫಾರ್ವರ್ಡ್ ಮಾಡಿಡಬೇಡಿ. ಅದಕ್ಕೆ ನಿಮ್ಮ ಹೆಸರು, ಹೊಸ ದಿನಾಂಕ ಅಂಟಿಕೊಳ್ಳುತ್ತದೆ. ಸ್ಕ್ರೀನ್‌ಶಾಟ್ ಬೇಡವೇ ಬೇಡ. ಇಳಿಸಿದ ಫೈಲನ್ನು ಒಮ್ಮೆ ತೆರೆದು ಲಗತ್ತು ಓದಲು ಬರುತ್ತದೆಯೇ ನೋಡಿ. ಲಗತ್ತಿನ ಬದಲು ಲಿಂಕ್ ಇದ್ದರೆ ಆ ಕಡತವನ್ನು ಅದೇ ದಿನ ಇಳಿಸಿ ಜೊತೆಗಿಡಿ. ನಾಳೆ ಯಾರೋ ಅದನ್ನು ತಿದ್ದಿದರೆ ನಿಮ್ಮ ಹತ್ತಿರ ಉಳಿಯುವುದು ಬರೀ ಲಿಂಕ್ ಅಲ್ವಾ?

'ಉಚಿತ ಬ್ಯಾಕಪ್' ಅಂತ ಹೇಳಿ ಪಾಸ್‌ವರ್ಡ್ ಕೇಳುವ ಆ್ಯಪ್‌ಗಳನ್ನು ಕಚೇರಿ ಖಾತೆಯ ಹತ್ತಿರಕ್ಕೂ ಬಿಡಬೇಡಿ.

ಫೈಲಿನ ಹೆಸರಲ್ಲಿ ವರ್ಷ, ತಿಂಗಳು, ದಿನ ಮೊದಲು ಬರಲಿ, ವಿಷಯ ಆಮೇಲೆ.

ಸ್ವಂತ ಖಾತೆಯಿಂದ ಕಚೇರಿ ಪತ್ರ ಕಳಿಸಿಬಿಟ್ಟಿರಾ? ಅಮೆರಿಕದಲ್ಲಿ 2014ರ ಕಾನೂನು ತಿದ್ದುಪಡಿಯ ಪ್ರಕಾರ ಅದರ ಪೂರ್ತಿ ಪ್ರತಿ 20 ದಿನದೊಳಗೆ ಕಚೇರಿ ಖಾತೆಗೆ ಸೇರಬೇಕು. ನನ್ನ ಕೇಳಿದರೆ 20 ದಿನ ತುಂಬಾ ಆಯಿತು. ಅದೇ ಸಂಜೆ ಸೇರಿಸಿ, ಇಲ್ಲದಿದ್ದರೆ ಮರೆತೇ ಹೋಗುತ್ತದೆ.

ಯಾವುದೇ ಇಮೇಲ್ ಅಳಿಸುವ ಮುಂಚೆ ಅದನ್ನು ಎಷ್ಟು ವರ್ಷ ಇಡಬೇಕು ಅಂತ ದಾಖಲೆ ವಿಭಾಗದಲ್ಲಿ ಕೇಳಿ. ಅದರ ಬಗ್ಗೆ ಮೊಕದ್ದಮೆಯೋ ಮಾಹಿತಿ ಕೋರಿದ ಅರ್ಜಿಯೋ ಬಾಕಿಯಿದ್ದರೆ ಅವಧಿ ಮುಗಿದಿದ್ದರೂ ಮುಟ್ಟಬೇಡಿ. ಅಳಿಸಿದ್ದು ಯಾವುದು, ಯಾರ ಒಪ್ಪಿಗೆಯಿಂದ, ಯಾವತ್ತು ಅನ್ನೋದನ್ನು ಒಂದು ಪಟ್ಟಿಯಲ್ಲಿ ಬರೆದಿಡಿ.