ಮೂರು ಡಬ್ಬಿಯ ಲೆಕ್ಕ

ಚರ್ಮದ ಕ್ಲಿನಿಕ್ಕಿಗೆ ಮೊದಲ ಸಲ ಬರುವವರಿಗೆ ಫೋನಿನಲ್ಲೇ ಒಂದು ಮಾತು ಹೇಳಿಸಿರುತ್ತೇನೆ: ಮುಖಕ್ಕೆ, ಮೈಗೆ, ತಲೆಗೆ ಹಚ್ಚುವುದನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಬನ್ನಿ. ಸೋಪು, ಎಣ್ಣೆ, ಹೇರ್ ಡೈ, ಪಕ್ಕದ ಮನೆಯವರು ಕೊಟ್ಟ ಟ್ಯೂಬು, ಯಾವುದನ್ನೂ ಬಿಡಬೇಡಿ. ಆ ಚೀಲವನ್ನು ಮೇಜಿನ ಮೇಲೆ ಸುರಿದರೆ ಕಾಯಿಲೆಯ ಅರ್ಧ ಕಥೆ ಅಲ್ಲೇ ಗೊತ್ತಾಗುತ್ತದೆ. ಹತ್ತು ಹನ್ನೆರಡು ಡಬ್ಬಿಗಳಲ್ಲಿ ವಾಪಸು ಚೀಲಕ್ಕೆ ಹೋಗುವುದು ಸಾಮಾನ್ಯವಾಗಿ ಮೂರು: ತೊಳೆಯಲು ಒಂದು, ತೇವ ಹಿಡಿದಿಡಲು ಒಂದು, ಬಿಸಿಲಿಗೆ ಒಂದು. ಇಪ್ಪತ್ತರವರಿಗೂ ಎಪ್ಪತ್ತರವರಿಗೂ ಇವೇ ಮೂರು. ವಯಸ್ಸಿನ ಜೊತೆ ಬದಲಾಗುವುದು ಇವುಗಳ ಗಟ್ಟಿತನ, ಹಚ್ಚುವ ಪ್ರಮಾಣ, ಮತ್ತು ಬೇಕಿದ್ದರೆ ನಾಲ್ಕನೆಯದಾಗಿ ಸೇರುವ ಒಂದು ಔಷಧಿ.

ಚರ್ಮದ ಮೇಲ್ಪದರ ತುಸು ಹುಳಿ; ಅದರ ಪಿಎಚ್ (ಹುಳಿಯ ಅಳತೆ, ಅಂಕಿ ಏರಿದಷ್ಟೂ ಹುಳಿ ಕಡಿಮೆ) 5ರ ಆಸುಪಾಸು. ಸಾಮಾನ್ಯ ಸೋಪಿನದು 9ರಿಂದ 10. ಹಾಗಾಗಿ ಸೋಪು ಕೊಳೆಯ ಜೊತೆಗೆ ಚರ್ಮಕ್ಕೆ ಬೇಕಾದ ಜಿಡ್ಡನ್ನೂ ಎಳೆದುಕೊಂಡು ಹೋಗುತ್ತದೆ. ಮುಖ ತೊಳೆದ ಐದು ನಿಮಿಷಕ್ಕೆ ಕೆನ್ನೆ ಬಿಗಿದುಕೊಂಡರೆ ಆ ಸೋಪು ನಿಮಗೆ ಒಗ್ಗಿಲ್ಲ. ನೊರೆ ಕಡಿಮೆ ಬರುವ ಫೇಸ್‌ವಾಶ್, ಅವರೆಕಾಳಿನಷ್ಟು, ಬೆಳಗ್ಗೆ ಒಮ್ಮೆ ರಾತ್ರಿ ಒಮ್ಮೆ ಸಾಕು. ಮೂರನೆಯ ಸಲ ತೊಳೆಯಬೇಕೆನಿಸಿದರೆ ಬರೀ ನೀರು. ಕಡಲೆಹಿಟ್ಟಿನ ಮೇಲೆ ನನಗೆ ಸಿಟ್ಟಿಲ್ಲ. ನುಣ್ಣಗೆ ಬೀಸಿದ್ದನ್ನು ಕಲಸಿ ಹಚ್ಚಿ ಕೂಡಲೇ ತೊಳೆದರೆ ಎಣ್ಣೆ ಹೋಗುತ್ತದೆ. ಒಣಗಿ ಬಿರುಕು ಬಿಡುವವರೆಗೆ ಕಾದು, ಆಮೇಲೆ ಉಜ್ಜಿ ಉದುರಿಸುವಾಗ ಚರ್ಮ ಗೀರುತ್ತದೆ. ನಿಂಬೆರಸ ಮಾತ್ರ ಬೇಡವೇ ಬೇಡ. ಅದನ್ನು ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟು, ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯಬಹುದು.

ಮಾಯಿಶ್ಚರೈಸರ್ ನೀರನ್ನು ಹೊಸದಾಗಿ ತಂದು ಸುರಿಯುವುದಿಲ್ಲ, ಇರುವ ನೀರನ್ನು ಹಿಡಿದಿಡುತ್ತದೆ. ಅದಕ್ಕೇ ಸ್ನಾನವಾಗಿ ಟವೆಲಿನಿಂದ ಒತ್ತಿಕೊಂಡ ಮೇಲೆ, ಮೈ ಇನ್ನೂ ತೇವವಿರುವಾಗ, ಮೂರು ನಿಮಿಷದೊಳಗೆ ಹಚ್ಚಬೇಕು. ಮಂಗಳೂರಿನ ಸೆಕೆಗೆ ಜೆಲ್ ಸಾಕು. ಜನವರಿಯ ಕಲಬುರಗಿಗೆ ಗಟ್ಟಿ ಕ್ರೀಮೇ ಆಗಬೇಕು. ಕೊಬ್ಬರಿ ಎಣ್ಣೆ ಕೈಕಾಲಿಗೆ ಒಳ್ಳೆಯದೇ. ಮೊಡವೆ ಏಳುವ ಮುಖಕ್ಕೆ ಅದನ್ನು ಹಚ್ಚಿದರೆ ರಂಧ್ರ ಕಟ್ಟಿಕೊಳ್ಳುತ್ತದೆ.

ಬಿಸಿಲಿನ ಕ್ರೀಮಿನ ವಿಷಯದಲ್ಲಿ ಹತ್ತರಲ್ಲಿ ಒಂಬತ್ತು ಜನ ಎಡವುವುದು ಪ್ರಮಾಣದಲ್ಲಿ. ಡಬ್ಬಿಯ ಮೇಲೆ ಬರೆದ ಎಸ್‌ಪಿಎಫ್, ಅಂದರೆ ಬಿಸಿಲು ತಡೆಯುವ ಬಲದ ಅಂಕಿಯನ್ನು ಅಳೆಯುವಾಗ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿರುತ್ತಾರೆ. ಮನೆಯಲ್ಲಿ ಅದಕ್ಕೆ ಅಳತೆ ಎಂದರೆ ತೋರುಬೆರಳು ಮತ್ತು ನಡುಬೆರಳಿನ ಮೇಲೆ ಬುಡದಿಂದ ತುದಿಯವರೆಗೆ ಒಂದೊಂದು ಗೆರೆ. ಮುಖ, ಕತ್ತು ಎರಡಕ್ಕೂ ಸೇರಿ. ಕ್ಲಿನಿಕ್ಕಿನಲ್ಲಿ ಇದನ್ನು ಹಿಂಡಿ ತೋರಿಸಿದಾಗ ಎಲ್ಲರೂ ‘ಅಯ್ಯೋ ಇಷ್ಟೊಂದಾ?’ ಎನ್ನುತ್ತಾರೆ. ಹೌದು, ಅಷ್ಟು. ಒಟ್ಟಿಗೆ ಹಚ್ಚಿದರೆ ಬೂದಿ ಬಳಿದಂತೆ ಕಾಣುತ್ತದೆ, ಆದ್ದರಿಂದ ಒಂದು ಬೆರಳಿನದು ಹಚ್ಚಿ, ಎರಡು ನಿಮಿಷ ಬಿಟ್ಟು ಇನ್ನೊಂದು ಬೆರಳಿನದು ಹಚ್ಚಿ. ದಿನಕ್ಕೊಮ್ಮೆ ಹೀಗೆ ಹಚ್ಚಿದರೂ 50 ಗ್ರಾಮಿನ ಟ್ಯೂಬು ಒಂದೂವರೆ ತಿಂಗಳ ಮೇಲೆ ಬರುವುದಿಲ್ಲ. ಹೋದ ಯುಗಾದಿಗೆ ತಂದದ್ದು ಈ ದೀಪಾವಳಿಗೂ ಇದೆ ಎಂದರೆ ಹಚ್ಚಿಲ್ಲ ಎಂದೇ ಲೆಕ್ಕ. ಎಸ್‌ಪಿಎಫ್ 30 ಸುಮಾರು ಶೇ. 97ರಷ್ಟು ಯುವಿಬಿ, ಅಂದರೆ ಚರ್ಮ ಸುಡುವ ಅತಿನೇರಳೆ ಕಿರಣ ತಡೆದರೆ 50 ತಡೆಯುವುದು ಶೇ. 98. ಆ ಒಂದು ಅಂಶಕ್ಕೆ ದುಡ್ಡು ಸುರಿಯುವ ಬದಲು, ಹೊರಗಿದ್ದಾಗ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಿ. ಕಿವಿ, ಕತ್ತಿನ ಹಿಂಭಾಗ, ಸ್ಕೂಟರ್ ಓಡಿಸುವವರ ಅಂಗೈ ಹಿಂಭಾಗ, ಈ ಮೂರು ಸದಾ ಬಿಟ್ಟುಹೋಗುವ ಜಾಗಗಳು. ಬಸ್ಸಿನ ಕಿಟಕಿ ಸೀಟಿನವರು ಗಾಜನ್ನು ನಂಬಬಾರದು; ಬಿಸಿಲಿನದೇ ಇನ್ನೊಂದು ಅತಿನೇರಳೆ ಕಿರಣವಾದ ಯುವಿಎ ಗಾಜು ದಾಟಿ ಬರುತ್ತದೆ. ಇಡೀ ದಿನ ಹೊಲದಲ್ಲಿ ಬೆವರುವವರಿಗೆ ನಾನು ಈ ಕ್ರೀಮು ಬರೆಯುವುದೇ ಇಲ್ಲ. ತುಂಬುತೋಳಿನ ಅಂಗಿ, ಅಗಲ ಅಂಚಿನ ಟೋಪಿ ಅಥವಾ ಮುಖದ ಮೇಲೆ ಬರುವಂತೆ ಹೊದ್ದ ಟವೆಲು ಹೆಚ್ಚು ಕೆಲಸ ಮಾಡುತ್ತವೆ, ಅಗ್ಗ ಕೂಡ.

ಇಪ್ಪತ್ತರ ಆಸುಪಾಸಿನವರಿಗೆ ಸೇರುವ ನಾಲ್ಕನೆಯ ಡಬ್ಬಿ ಬಹುತೇಕ ಮೊಡವೆಯದು. ಹಣೆಯ ಮೇಲೆ ಮಾತ್ರ ಸಾಲಾಗಿ ಸಣ್ಣ ಗುಳ್ಳೆಗಳಿದ್ದರೆ ಮೊದಲು ತಲೆಗೆ ಹಚ್ಚುವ ಎಣ್ಣೆಯನ್ನು ವಿಚಾರಿಸುತ್ತೇನೆ: ಸ್ನಾನಕ್ಕೆ ಒಂದು ಗಂಟೆ ಮುಂಚೆ ಹಚ್ಚಿ ತೊಳೆದುಬಿಡಿ, ಎಣ್ಣೆತಲೆಯಲ್ಲಿ ಮಲಗಬೇಡಿ. ಉಳಿದಂತೆ ಬೆಂಜೋಯಿಲ್ ಪೆರಾಕ್ಸೈಡ್ ಶೇ. 2.5 ಸಾಕು, ಶೇ. 10ರದ್ದು ಹೆಚ್ಚು ಉರಿಸುತ್ತದೆಯೇ ಹೊರತು ಹೆಚ್ಚು ಗುಣ ಕೊಡುವುದಿಲ್ಲ. ಬಣ್ಣದ ದಿಂಬಿನ ಚೀಲ, ಟವೆಲನ್ನು ಅದು ಬಿಳಿಚಿಸುತ್ತದೆ, ಎಚ್ಚರ. ರಾತ್ರಿಗೆ ಅಡಾಪಲೀನ್ ಶೇ. 0.1, ಬಟಾಣಿಯಷ್ಟು, ಒಣಗಿದ ಮುಖಕ್ಕೆ, ಮೊದಲ ಎರಡು ವಾರ ದಿನ ಬಿಟ್ಟು ದಿನ. ಎದ್ದ ಮೊಡವೆಗೆ ಮಾತ್ರ ಚುಕ್ಕೆ ಇಡುವುದು ವ್ಯರ್ಥ. ಇದು ಮುಂದಿನ ತಿಂಗಳು ಏಳಲಿರುವ ಮೊಡವೆಯ ಔಷಧಿ, ಇಡೀ ಮುಖಕ್ಕೆ ತೆಳ್ಳಗೆ ಹೋಗಬೇಕು. ಮೂರನೆಯ ವಾರ ಮುಖ ಸಿಪ್ಪೆ ಏಳುತ್ತದೆ, ಮೊಡವೆ ಹೆಚ್ಚಾದಂತೆಯೂ ಕಾಣಬಹುದು. ಬಿಟ್ಟುಬಿಡುವವರೆಲ್ಲ ಬಿಡುವುದು ಆ ವಾರದಲ್ಲೇ. ಫಲ ಕಾಣಲು 12 ವಾರ ಬೇಕು.

ಚೀಲದಲ್ಲಿ ನಾನು ಹೆದರುವ ಟ್ಯೂಬು ಬೇರೆ ಇದೆ. ‘ಬೆಳ್ಳಗಾಗಲು’ ಎಂದು ಸ್ನೇಹಿತೆ ಹೇಳಿದ್ದು, ಹುಳುಕಡ್ಡಿಗೆಂದು ಅಂಗಡಿಯವರು ಕೊಟ್ಟಿದ್ದು. ಹಿಂದಿನ ಸಣ್ಣ ಅಕ್ಷರ ಓದಿ: ಬೀಟಾಮೆಥಾಸೋನ್, ಮೊಮೆಟಾಸೋನ್, ಕ್ಲೊಬೆಟಾಸಾಲ್ ಎಂಬ ಹೆಸರುಗಳಿದ್ದರೆ ಅದು ಸ್ಟಿರಾಯ್ಡ್. ಮೊದಲ ಹದಿನೈದು ದಿನ ಮುಖ ನಿಜಕ್ಕೂ ಹೊಳೆಯುತ್ತದೆ, ತೊಡೆಸಂದಿನ ತುರಿಕೆ ಮಾಯವಾಗುತ್ತದೆ. ಆಮೇಲೆ ಚರ್ಮ ತೆಳುವಾಗಿ ಕೆಂಪು ನರಗಳು ಕಾಣುತ್ತವೆ, ಕೂದಲು ಹುಟ್ಟುತ್ತದೆ, ಒಂದು ದಿನ ಬಿಟ್ಟರೆ ಮುಖ ಉರಿದು ಕೆಂಪಾಗುತ್ತದೆ. ಹುಳುಕಡ್ಡಿ ಉಂಗುರದ ಆಕಾರ ಬಿಟ್ಟು ಹೊಟ್ಟೆ, ಬೆನ್ನಿಗೆಲ್ಲ ಹಬ್ಬುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ 14 ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಷೆಡ್ಯೂಲ್ ಎಚ್‌ಗೆ ಸೇರಿಸಿತು. ಆದರೂ ನನ್ನ ಮೇಜಿಗೆ ಅವು ಬರುವುದು ನಿಂತಿಲ್ಲ. ತಿಂಗಳುಗಟ್ಟಲೆ ಮುಖಕ್ಕೆ ಹಚ್ಚಿದವರು ಒಮ್ಮೆಲೇ ಎಸೆಯದೆ ಚರ್ಮವೈದ್ಯರ ಬಳಿ ಹೋಗಿ ಹಂತಹಂತವಾಗಿ ಬಿಡುವುದು ಸುರಕ್ಷಿತ.

ಮೂವತ್ತರಲ್ಲಿ ಬಂಗು. ಬಸಿರು, ಗರ್ಭನಿರೋಧಕ ಮಾತ್ರೆ, ಬಿಸಿಲು ಇದನ್ನು ಎಬ್ಬಿಸುತ್ತವೆ. ಬಂಗಿಗೆ ಯುವಿ ತಡೆದರಷ್ಟೇ ಸಾಲದು, ಕಣ್ಣಿಗೆ ಕಾಣುವ ಬೆಳಕೂ ಅದನ್ನು ಗಾಢವಾಗಿಸುತ್ತದೆ. ಐರನ್ ಆಕ್ಸೈಡ್ ಇರುವ, ಚರ್ಮದ ಬಣ್ಣದ್ದೇ ಆದ ಸನ್‌ಸ್ಕ್ರೀನ್ ಕೊಳ್ಳಲು ಹೇಳುವುದು ಅದಕ್ಕೆ. ಬಸಿರಾಗಬೇಕೆಂದು ಯೋಚಿಸುವಾಗಲೇ ಮೊಡವೆಗೆ, ಬಂಗಿಗೆ ಹಚ್ಚುವ ಅಡಾಪಲೀನ್, ಟ್ರೆಟಿನಾಯಿನ್, ಹೈಡ್ರೊಕ್ವಿನೋನ್ ನಿಲ್ಲಿಸಿ. ಅಜೆಲಾಯಿಕ್ ಆಸಿಡ್ ಮುಂದುವರಿಸಬಹುದು. ಹುಬ್ಬಿನ ನಡುವೆ ಬಿಂದಿ ಇಡುವಲ್ಲೇ ಗುಂಡಗೆ ತುರಿಕೆಯೋ ಬಿಳಿ ಮಚ್ಚೆಯೋ ಕಂಡರೆ ಸ್ಟಿಕ್ಕರಿನ ಅಂಟಿನ ಕೆಲಸ ಅದು. ಆ ಅಂಟಿನಲ್ಲಿರುವ ಪ್ಯಾರಾ ಟರ್ಷಿಯರಿ ಬ್ಯೂಟೈಲ್ ಫಿನಾಲ್ ಎಂಬ ರಾಸಾಯನಿಕ ಬಣ್ಣದ ಕಣಗಳನ್ನು ಕೊಲ್ಲುತ್ತದೆ. ಜಾಗ ಬದಲಿಸಿ ಇನ್ನೊಂದು ಸ್ಟಿಕ್ಕರ್ ಇಟ್ಟರೆ ಅಲ್ಲೂ ಮಚ್ಚೆಯಾಗಬಹುದು, ಸ್ಟಿಕ್ಕರನ್ನೇ ಬಿಡಬೇಕು.

‘ಎಷ್ಟು ತಿಕ್ಕಿದ್ರೂ ಕತ್ತಿನ ಕೊಳೆ ಹೋಗ್ತಿಲ್ಲ ಡಾಕ್ಟ್ರೇ’ ಎನ್ನುವವರು ನಲವತ್ತರ ಆಚೀಚೆಯವರು. ಈಗೀಗ ಕಾಲೇಜಿನ ಮಕ್ಕಳೂ ಬರುತ್ತಾರೆ. ಕತ್ತು, ಕಂಕುಳು ಮಖಮಲ್ಲಿನಂತೆ ದಪ್ಪಗೆ ಕಪ್ಪಾಗಿದ್ದರೆ ಅದಕ್ಕೂ ಕೊಳೆಗೂ ಸಂಬಂಧವಿಲ್ಲ. ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿದ್ದಾಗ ಹೀಗಾಗುತ್ತದೆ. ಪ್ಯೂಮಿಸ್ ಕಲ್ಲು ಕೆಳಗಿಟ್ಟು ಸಕ್ಕರೆ ಪರೀಕ್ಷೆ ಮಾಡಿಸಿ, ತೂಕ ಇಳಿಸಿ. ತಿಕ್ಕಿದಷ್ಟೂ ಅದು ಇನ್ನೂ ಕಪ್ಪಾಗುತ್ತದೆ.

ಇದೇ ವಯಸ್ಸಿನಲ್ಲಿ ಚೀಲಕ್ಕೆ ಹೇರ್ ಡೈ ಸೇರುತ್ತದೆ. ಹಣೆಯ ಅಂಚು, ಕಿವಿಯ ಮುಂದೆ ಬೂದುಗಪ್ಪು ಬಣ್ಣ ಏರಿದ್ದರೆ ಬಂಗು ಎಂದುಕೊಂಡು ಕ್ರೀಮು ಹಚ್ಚುವ ಮೊದಲು ಡೈಯ ಡಬ್ಬಿ ನೋಡಿ. ಪಿಪಿಡಿ ಎಂಬ, ಕಪ್ಪು ಬಣ್ಣ ಕೊಡುವ ರಾಸಾಯನಿಕ ಇದ್ದರೆ, ಪ್ರತಿ ಸಲವೂ ಹಚ್ಚುವ 48 ಗಂಟೆ ಮುಂಚೆ ಕಿವಿಯ ಹಿಂದೆ ತುಸು ಇಟ್ಟು ನೋಡಬೇಕು. ಹತ್ತು ವರ್ಷ ಏನೂ ಆಗದಿದ್ದವರಿಗೆ ಹನ್ನೊಂದನೆಯ ವರ್ಷ ಕಣ್ಣು ಮುಚ್ಚುವಷ್ಟು ಮುಖ ಊದಬಹುದು. ‘ಕಪ್ಪು ಮೆಹಂದಿ’ ಎಂದು ಮಾರುವುದರಲ್ಲೂ ಬಹುಪಾಲು ಇದೇ ಇರುತ್ತದೆ. ಮದರಂಗಿ ಎಲೆ ತಾನಾಗಿ ಕಪ್ಪು ಬಣ್ಣ ಕೊಡುವುದಿಲ್ಲ.

ಮುಟ್ಟು ನಿಂತ ಮೇಲೆ ಚರ್ಮ ಬೇಗ ಒಣಗುತ್ತದೆ, ತೆಳುವಾಗುತ್ತದೆ. ಫೇಸ್‌ವಾಶ್ ರಾತ್ರಿಗೆ ಮಾತ್ರ ಇಡಿ, ಬೆಳಗ್ಗೆ ನೀರು ಸಾಕು. ಜೆಲ್ ಬಿಟ್ಟು ಕ್ರೀಮಿಗೆ ಬನ್ನಿ.

ಅರವತ್ತು ದಾಟಿದವರ ದೂರು ಒಂದೇ: ಮೈ ತುರಿಕೆ. ಮೊಣಕಾಲಿನ ಕೆಳಗೆ ಚರ್ಮ ಬತ್ತಿದ ಕೆರೆಯಂತೆ ಸೀಳುಬಿಟ್ಟಿರುತ್ತದೆ, ಅವರೋ ಹಂಡೆಯ ಕುದಿನೀರಿಗೆ ಸೋಪು ತಿಕ್ಕಿ ಮೀಯುತ್ತಿರುತ್ತಾರೆ. ಹದವಾದ ಬಿಸಿನೀರು, ಹತ್ತು ನಿಮಿಷ. ಸೋಪು ಕಂಕುಳು, ತೊಡೆಸಂದು, ಪಾದಕ್ಕೆ ಮಾತ್ರ. ಆಮೇಲೆ ಕ್ರೀಮು. ತೋರುಬೆರಳಿನ ತುದಿಗೆಣ್ಣಿನಷ್ಟು ಹಿಂಡಿದರೆ ಅರ್ಧ ಗ್ರಾಂ, ಅದು ಎರಡು ಅಂಗೈ ಅಗಲದ ಜಾಗಕ್ಕೆ ಸಾಲುತ್ತದೆ. ಮೈಪೂರ್ತಿಗೆ 20 ಗ್ರಾಂ ಬೇಕು. ದುಬಾರಿ ಕ್ರೀಮನ್ನು ಚಿಟಿಕೆಯಷ್ಟು ಹಚ್ಚುವ ಬದಲು ಅಗ್ಗದ ಪೆಟ್ರೋಲಿಯಂ ಜೆಲ್ಲಿಯನ್ನೋ ಕೊಬ್ಬರಿ ಎಣ್ಣೆಯನ್ನೋ ಧಾರಾಳ ಹಚ್ಚಿ. ಬಚ್ಚಲಲ್ಲಿ ನಿಂತು ಹಚ್ಚಬೇಡಿ, ಕೋಣೆಗೆ ಬಂದು ಕೂತು ಹಚ್ಚಿ. ಎಣ್ಣೆಗಾಲಲ್ಲಿ ಜಾರಿ ಸೊಂಟ ಮುರಿದರೆ ತುರಿಕೆ ಎಷ್ಟೋ ವಾಸಿ. ಇಷ್ಟು ಮಾಡಿಯೂ ಒಂದು ತಿಂಗಳು ತುರಿಕೆ ನಿಲ್ಲದಿದ್ದರೆ ಕಿಡ್ನಿ, ಲಿವರ್, ಥೈರಾಯ್ಡ್ ಪರೀಕ್ಷೆ ಆಗಬೇಕು. ರಾತ್ರಿ ಮನೆಮಂದಿಯೆಲ್ಲ ಕೆರೆದುಕೊಳ್ಳುತ್ತಿದ್ದರೆ ಕಜ್ಜಿ ಇರಬಹುದು, ಆಗ ಎಲ್ಲರಿಗೂ ಒಂದೇ ರಾತ್ರಿ ಔಷಧಿ.

ಒಡೆದ ಹಿಮ್ಮಡಿಗೆ ಯೂರಿಯಾ ಶೇ. 10ರಿಂದ 20 ಇರುವ ಕ್ರೀಮು ಹಚ್ಚಿ ರಾತ್ರಿ ಕಾಲುಚೀಲ ಹಾಕಿಕೊಳ್ಳಿ. ಸಕ್ಕರೆ ಕಾಯಿಲೆಯವರು ಬೆರಳಸಂದಿಗೆ ಕ್ರೀಮು ಹಾಕಬಾರದು. ಅಲ್ಲಿ ತೇವ ನಿಂತು ಬೂಷ್ಟು ಹಿಡಿಯುತ್ತದೆ. ಪಾದ ನೋಡಿಕೊಳ್ಳಲು ಬಗ್ಗಲಾಗದವರು ನೆಲದ ಮೇಲೆ ಕನ್ನಡಿಯಿಟ್ಟು ಅಂಗಾಲನ್ನು ದಿನವೂ ನೋಡಲಿ. ನಮ್ಮ ಬಣ್ಣದವರಿಗೆ ಮೆಲನೋಮ ಎಂಬ ಚರ್ಮದ ಕ್ಯಾನ್ಸರ್ ಅಪರೂಪ. ಬಂದರೆ ಹೆಚ್ಚಾಗಿ ಅಂಗಾಲು, ಅಂಗೈ, ಉಗುರಿನ ಅಡಿಯಲ್ಲೇ ಬರುತ್ತದೆ. ಅಂಚು ಸರಿಯಿಲ್ಲದೆ ದೊಡ್ಡದಾಗುತ್ತಿರುವ ಹೊಸ ಕಪ್ಪು ಮಚ್ಚೆಯನ್ನು ಆಣಿ ಎಂದುಕೊಂಡು ಬ್ಲೇಡಿನಲ್ಲಿ ಕೆತ್ತಬೇಡಿ. ಹಾಗೇ ತಂದು ತೋರಿಸಿ.