ಕಪ್ಪು-ಬಿಳುಪು ಪ್ರಿಂಟಿನ ಹಸಿರು ಛಾಯೆ ಹೋದದ್ದು ಹೀಗೆ

ಮುಂಬೈನ ಮಾಟುಂಗಾದ ನಮ್ಮ ಮನೆಯಲ್ಲಿ ತೆಗೆದ ಕಪ್ಪು-ಬಿಳುಪು ಪ್ರಿಂಟ್‌ಗಳು ಟ್ಯೂಬ್‌ಲೈಟಿನಲ್ಲಿ ಹಸಿರು, ಕಿಟಕಿ ಬೆಳಕಿನಲ್ಲಿ ನಸುಗೆಂಪು ಕಾಣುತ್ತಿದ್ದವು. ಪ್ರಿಂಟರ್ ಡ್ರೈವರಿನ ಗ್ರೇಸ್ಕೇಲ್ ಆಯ್ಕೆ, ಬೇರೆ ಐಸಿಸಿ ಪ್ರೊಫೈಲ್ (ಬಣ್ಣ ಹೊಂದಿಸುವ ಫೈಲು), ದುಬಾರಿ ಕಾಗದ, ಯಾವುದೂ ಫಲಿಸಲಿಲ್ಲ. ಪ್ರಿಂಟರ್ ಬಣ್ಣದ ಶಾಯಿ ಬೆರೆಸಿ ಬೂದು ಮಾಡುತ್ತಿರುವಷ್ಟು ಕಾಲ ಈ ಛಾಯೆ ಪೂರ್ತಿ ಹೋಗದು.

ಪರಿಹಾರ ಕ್ವಾಡ್‌ಟೋನ್ ರಿಪ್ ಎಂಬ ಮುದ್ರಣ ತಂತ್ರಾಂಶ. ಇದು ಕಪ್ಪು, ಬೂದು ಶಾಯಿಗಳನ್ನೇ ಮುಖ್ಯವಾಗಿ ಬಳಸುತ್ತದೆ. ನಿಮ್ಮ ಪ್ರಿಂಟರ್ ಅದರ ಪಟ್ಟಿಯಲ್ಲಿದೆಯೇ, ಬೂದು ಶಾಯಿ ಇದೆಯೇ ಮೊದಲು ನೋಡಿ. ಫೋಟೋ ತಿದ್ದುವ ತಂತ್ರಾಂಶದಲ್ಲಿ ಚಿತ್ರವನ್ನು ಗ್ರೇ ಗಾಮಾ 2.2 ಎಂಬ ಬೂದು ಪ್ರೊಫೈಲಿಗೆ ಬದಲಿಸಿ, ಪದರಗಳನ್ನು ಒಂದಾಗಿಸಿ, ಟಿಫ್ ಆಗಿ ಉಳಿಸಿ. ರಿಪ್‌ನಲ್ಲಿ ಕಾಗದಕ್ಕೆ ಹೊಂದುವ ಕರ್ವ್ (ಯಾವ ಛಾಯೆಗೆ ಎಷ್ಟು ಶಾಯಿ ಎಂದು ಹೇಳುವ ಫೈಲು), ರೆಸಲ್ಯೂಶನ್ 1440 ಆರಿಸಿ. ಚಿತ್ರಕ್ಕಿಂತ ಮೊದಲು ಬಿಳಿಯಿಂದ ಕಪ್ಪಿನವರೆಗೆ 21 ಮೆಟ್ಟಿಲಿನ ಪರೀಕ್ಷಾ ಪಟ್ಟಿ ಮುದ್ರಿಸಿ. ಮುಂಬೈ ಮಳೆಗಾಲದಲ್ಲಿ ಅದು ಇಡೀ ರಾತ್ರಿ ಒಣಗಲೇಬೇಕು. ಹಸಿ ಪಟ್ಟಿಯ ಅಳತೆ ನಂಬುವಂತಿಲ್ಲ. ಒಣಗಿದ ಮೇಲೆ ಪ್ರತಿ ಮೆಟ್ಟಿಲಿನ ಗಾಢತೆ ಅಳೆದು, ಆ ಅಳತೆಗಳನ್ನು ಮೆಟ್ಟಿಲುಗಳನ್ನು ಸಮವಾಗಿಸುವ ಲಿನಿಯರೈಸ್ ಸಾಲಿಗೆ ತುಂಬಿ ಕರ್ವ್ ಮತ್ತೆ ರಚಿಸಿ. ಪಟ್ಟಿಯನ್ನು ಮತ್ತೆ ಮುದ್ರಿಸಿ, ಕಡುಗಪ್ಪಿನ ಕೊನೆಯ ಮೆಟ್ಟಿಲುಗಳು ಬೇರೆ ಬೇರೆಯಾಗಿ ಕಂಡಮೇಲೆ ಚಿತ್ರ ಮುದ್ರಿಸಿ.